ಊರಿನವರಿಗೆ ಕ್ಯಾಬಿನ್ ಇಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಬರುತ್ತದೆ, ಇಲ್ಲ ಎನ್ನುವುದಿಲ್ಲ. ಬಂದ ಹಾಗೆಯೇ ಹೋಗಿಯೂ ಬಿಡುತ್ತದೆ. ಈ ಒಂದು ಸಿಟ್ಟು ಮಾತ್ರ ಬಂದದ್ದು ಹೋಗಲಿಲ್ಲ. ಕಾಪು ಕಡೆಯ ಬಸ್ಸಿನ ಬೋರ್ಡು ಕಂಡರೂ ಈಗ ನನಗೆ ಮೈ ಉರಿಯುತ್ತದೆ.

ನಾವು ಕೇಳಿದ್ದು ದೊಡ್ಡ ಸಂಗತಿಯೇನಲ್ಲ. ಅಮ್ಮನಿಗೆ ಒಂದು ರಾತ್ರಿ ಸಮುದ್ರದ ಬದಿಯಲ್ಲಿ ಮಲಗಬೇಕಿತ್ತು. ಅವಳು ಹುಟ್ಟಿ ಬೆಳೆದದ್ದು ಕಡಲ ದಂಡೆಯ ಕಾಪುವಿನಲ್ಲಿ, ಮದುವೆಯಾಗಿ ಬಂದದ್ದು ಉಡುಪಿಯ ಬನ್ನಂಜೆಗೆ. ಆಮೇಲೆ ಸಮುದ್ರವೆಂದರೆ ಅವಳಿಗೆ ವರ್ಷಕ್ಕೊಮ್ಮೆ ನೆಂಟರು ಬಂದಾಗ ಸಂಜೆ ಹೋಗಿ ಬರುವ ಜಾಗವಾಯಿತು. ಕಾಲು ಒದ್ದೆಯಾಗುವಷ್ಟರಲ್ಲಿ ಯಾರಾದರೊಬ್ಬರು "ಹೊರಡುವನಾ, ಕತ್ತಲೆಯಾಯ್ತು" ಎನ್ನುತ್ತಿದ್ದರು. ಅವಳು ಎದ್ದು ಸೀರೆಯ ಮರಳು ಕೊಡವಿಕೊಂಡು ಎಲ್ಲರಿಗಿಂತ ಮೊದಲು ಕಾರಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಈಗ ಅವಳ ಕಿಡ್ನಿ ಕೈಕೊಟ್ಟಿದೆ. ಸೋಮವಾರ, ಬುಧವಾರ, ಶುಕ್ರವಾರ ಮಣಿಪಾಲದಲ್ಲಿ ಡಯಾಲಿಸಿಸ್. ಒಟ್ಟಿಗೆ ಎರಡು ದಿನ ಉಸಿರಾಡಲು ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರ. ಆಸ್ಪತ್ರೆಯಿಂದ ದೂರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಗೋಕರ್ಣ, ಗೋವಾ ಎಲ್ಲ ನಮ್ಮ ಪಾಲಿಗೆ ಇಲ್ಲವೇ ಇಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಒಂದು ಸಣ್ಣ ಬಾಟಲಿಯಲ್ಲಿ ತುಂಬಿಟ್ಟರೆ ಅದರಲ್ಲೇ ಅವಳು ರಾತ್ರಿಯವರೆಗೆ ಸುಧಾರಿಸಬೇಕು. ಒಂದು ದಿನ ಊಟದ ಹೊತ್ತಿಗೆ ಅವಳೇ ಮಾತು ತೆಗೆದಳು.

"ನೀರು ಕುಡೀಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ದು. ನೋಡ್ಲಿಕ್ಕಿಲ್ಲ ಅಂತ ಹೇಳ್ಲಿಲ್ಲ ಅಲ್ವಾ? ಒಂದು ರಾತ್ರಿ ಸಮುದ್ರದ ಹತ್ರ ಇದ್ದು, ಬೆಳಿಗ್ಗೆ ಎದ್ದು ನೋಡುವ ಅಂತ ಆಸೆ ಉಂಟು."

ಮನೆಯಲ್ಲಿ ನಾವಾಡುವುದು ತುಳು. ಅದನ್ನೇ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಯಾವ ಭಾಷೆಯಲ್ಲಾದರೂ ಅದು ತೀರ ಚಿಕ್ಕ ಆಸೆ. ಅಂದೇ ನಾನು ಫೋನು ಹಿಡಿದು ಕುಳಿತೆ.

ಮೊದಲು ಸಿಕ್ಕಿದ್ದು ಕಾರ್ಕಳದ ಕಡೆಯ ಒಂದು ಕೆರೆಯ ದಂಡೆಯ ಮರದ ಕ್ಯಾಬಿನ್‌ಗಳು. ಸಮುದ್ರವಲ್ಲದಿದ್ದರೂ ನೀರಂತೂ ನೀರೇ ಎಂದು ಅಮ್ಮ ಒಪ್ಪಿದ್ದಳು. ಫೋನು ತೆಗೆದ ಹುಡುಗಿ ಬೆಲೆ ಹೇಳಿದಳು, ಊಟ ಹೇಳಿದಳು, ರಾತ್ರಿ ಬೆಂಕಿ ಹಾಕಿ ಕೂರಬಹುದು ಎಂದಳು. ಕೊನೆಗೆ ಯಾವ ಊರು ಎಂದು ಕೇಳಿದಳು. ಉಡುಪಿ, ಬನ್ನಂಜೆ ಎಂದೆ.

"ಸಾರಿ ಮೇಡಂ, ನಾವು ಲೋಕಲ್‌ನವರಿಗೆ ಕೊಡುವುದಿಲ್ಲ."

"ಕಾರ್ಕಳಕ್ಕೆ ಬನ್ನಂಜೆ ಎಂತ ಲೋಕಲ್?"

"ಜಿಲ್ಲೆ ಒಂದೇ ಅಲ್ವಾ ಮೇಡಂ. ಲೋಕಲ್‌ನವರು ಬಂದು ಕುಡಿದು ಗಲಾಟೆ ಮಾಡ್ತಾರೆ."

ನನ್ನ ತಾಯಿಗೆ ನೀರು ಕುಡಿಯಲೇ ಅನುಮತಿ ಇಲ್ಲ, ಇನ್ನು ಗಲಾಟೆ ಎಲ್ಲಿಂದ ಮಾಡುತ್ತಾಳೆ ಎಂದು ನಾನು ಕೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಆಮೇಲೆ ಒಂದೊಂದಾಗಿ ಉಳಿದ ಕ್ಯಾಬಿನ್‌ನವರಿಗೂ ಫೋನು ಮಾಡಿದೆ. ಒಬ್ಬರು ನಯವಾಗಿ ಹೇಳಿದರು, ಒಬ್ಬರು ಗದರಿದರು, ಒಬ್ಬರು ಊರಿನ ಹೆಸರು ಕೇಳಿದ ಕೂಡಲೇ ಕ್ಯಾಬಿನ್ ಖಾಲಿ ಇಲ್ಲ ಎಂದರು. ಬೆಂಗಳೂರಿನಿಂದ ಬಂದು ಬೆಳಗಿನವರೆಗೂ ಬೊಬ್ಬೆ ಹೊಡೆದರೆ ಅದು ಮೋಜು, ನಾವು ಹೋಗಿ ಗಂಜಿ ಉಂಡು ಮಲಗಿದರೆ ಅದು ಗಲಾಟೆ. ನಮ್ಮ ಊರಿನ ಫೋಟೋ ಹಾಕಿ, ನಮ್ಮ ಮೀನು ಸಾರಿನ ಹೆಸರು ಹೇಳಿ ಹೊರಗಿನ ಜನರನ್ನು ಕರೆಯುತ್ತಾರೆ. ನಾವು ಬಂದರೆ ಮಾತ್ರ ಗೇಟು ಹಾಕುತ್ತಾರೆ.

"ಹೋಗ್ಲಿ ಬಿಡು ಮಾರಾಯ್ತಿ" ಎಂದರು ನನ್ನ ಗಂಡ. ಅವರು ಸಮಾಧಾನದ ಮನುಷ್ಯ, ಅದೇ ನನಗೆ ಆಗದ್ದು.

ನನ್ನ ಬೊಬ್ಬೆ ಮಹಡಿಯವರೆಗೂ ಕೇಳಿರಬೇಕು. ನಮ್ಮ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಒಂದು ಸಂಸಾರ ಬಾಡಿಗೆಗೆ ಇದೆ. ಗಂಡ ಟೈಲ್ಸ್ ಹಾಕುವ ಕೆಲಸದವನು, ಹೆಂಡತಿ ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಾಳೆ. ಡಯಾಲಿಸಿಸ್ ಮುಗಿಸಿ ಅಮ್ಮ ಸೋತು ಬಂದ ದಿನಗಳಲ್ಲಿ ರಿಕ್ಷಾದಿಂದ ಇಳಿಸಿ ಒಳಗೆ ಕರೆತರುವುದು ಹೆಚ್ಚಾಗಿ ಇವಳೇ. ಅವಳು ಇಳಿದು ಬಂದು ಎಲ್ಲ ಕೇಳಿಸಿಕೊಂಡು ನಕ್ಕಳು.

"ನನ್ನ ಆಧಾರ್ ಕಾರ್ಡ್‌ನ್ಯಾಗ ಇನ್ನೂ ಬಾಗಲಕೋಟಿ ವಿಳಾಸನ ಐತ್ರಿ ಅಕ್ಕಾರ. ನನ್ನ ಹೆಸರ್ಲೆ ಮಾಡ್ರಿ."

ಕಾಪುವಿನ ಕಡಲ ಬದಿಯ ಕ್ಯಾಬಿನ್ ಅವಳ ಹೆಸರಿನಲ್ಲಿ ಐದೇ ನಿಮಿಷದಲ್ಲಿ ಸಿಕ್ಕಿತು. ಒಬ್ಬರ ಕಾರ್ಡು ತೋರಿಸಿದರೆ ಸಾಕಿತ್ತು. ಆದರೆ ಅವಳೇ ಬರಬೇಕಲ್ಲ? ಇಷ್ಟು ವರ್ಷ ಇಲ್ಲಿದ್ದೂ ಅವಳು ಸಮುದ್ರದ ಬದಿಯಲ್ಲಿ ಒಂದು ರಾತ್ರಿ ಕಳೆದವಳಲ್ಲ. ಅವಳ ಗಂಡನಿಗೆ ಶನಿವಾರವೂ ಕೆಲಸ, ಅವಳಿಗೆ ಮಾತ್ರ ರಜೆ ಸಿಕ್ಕಿತು. ಅಮ್ಮ, ನಾನು, ನನ್ನ ಗಂಡ, ಅವಳು, ಹೀಗೆ ನಾವು ನಾಲ್ವರು ಎಂದಾಯಿತು.

ಅಮ್ಮ ಆ ವಾರವಿಡೀ ತಯಾರಿ ಮಾಡಿದಳು. ಉಪ್ಪು ಕಡಿಮೆ ಹಾಕಿದ ತಿಂಡಿ ಯಾವುದು, ಮಾತ್ರೆ ಯಾವ ಚೀಲದಲ್ಲಿ, ಬೆಳಿಗ್ಗೆ ಗಾಳಿಗೆ ಹೊದೆಯಲು ಯಾವ ಶಾಲು ಎಂದು ತಲೆ ತಿಂದಳು. ನಾನು ಅವಳಿಗೆ ಹೇಳಿಕೊಟ್ಟದ್ದು ಒಂದೇ ಮಾತು: ಅಲ್ಲಿ ಬಾಯಿ ಬಿಡಬಾರದು. ಅಮ್ಮ ಬಾಯಿ ಬಿಟ್ಟರೆ ಮೊದಲು ಬರುವುದು ತುಳು. ಅವಳು ಆಯಿತು ಎಂದು ತಲೆಯಾಡಿಸಿದಳು. ಹುಟ್ಟಿದ ಊರಿಗೆ ಮೂಗಿಯ ಹಾಗೆ ಹೋಗುವ ಸ್ಥಿತಿ ಬಂತಲ್ಲ ಎಂದು ನಾನು ಗಂಡನ ಹತ್ತಿರ ರೇಗಿದೆ.

ಶನಿವಾರ ಮಧ್ಯಾಹ್ನ ತಲುಪಿದೆವು. ತೆಂಗಿನ ಮರಗಳ ನಡುವೆ ಸಾಲಾಗಿ ಮರದ ಮನೆಗಳು, ಆಚೆ ಮರಳು, ಅದರಾಚೆ ಸಮುದ್ರ. ರಿಸೆಪ್ಶನ್‌ನಲ್ಲಿದ್ದ ತರುಣ ಮಹಡಿಯವಳ ಕಾರ್ಡು ನೋಡಿ ನಗುನಗುತ್ತಾ ಸ್ವಾಗತಿಸಿದ. ನಮ್ಮನ್ನು ತೋರಿಸಿ ಅವಳು "ಇವ್ರೆಲ್ಲ ನಮ್ಮ ಮನಿಯವ್ರ ರೀ" ಎಂದಳು. ಅದು ಸುಳ್ಳೂ ಅಲ್ಲ. ಅವನು ಕೀಲಿ ತರಲು ಒಳಗಿದ್ದವರನ್ನು ತುಳುವಿನಲ್ಲಿ ಕೂಗಿ ಕರೆದ.

ಆ ಒಂದು ಕೂಗು ಸಾಕಾಯಿತು. ಅಮ್ಮನ ಮುಖ ಅರಳಿತು. ನಾನು ಕೈ ಹಿಡಿದು ಅದುಮಿದರೂ ಅವಳಿಗೆ ಗೊತ್ತಾಗಲಿಲ್ಲ.

"ನಿನ್ನ ಇಲ್ಲ್ ಓಲು ಮಗಾ?"

ನಿನ್ನ ಮನೆ ಎಲ್ಲಿ ಎಂದು ಕೇಳದೆ ನಮ್ಮ ಕಡೆಯ ಹೆಂಗಸರು ಯಾರ ಜೊತೆಗೂ ಮಾತು ಶುರು ಮಾಡುವುದಿಲ್ಲ. ಆಮೇಲೆ ಯಾರ ಮಗ, ತಾಯಿಯ ಮನೆ ಯಾವುದು ಎಂದು ಬಂದೇ ಬರುತ್ತದೆ. ಹುಡುಗ ಯೋಚಿಸದೆ ಉದ್ಯಾವರ ಎಂದ. ಅಜ್ಜಿ ಕಾಪುವಿನವರು ಎಂದ. ಯಾವ ಮನೆ ಎಂದು ಅಮ್ಮ ಕೇಳಿದಳು, ಅವನು ಹೇಳಿದ. ಆ ಅಜ್ಜಿ ಶಾಲೆಯಲ್ಲಿ ಅಮ್ಮನ ಬೆಂಚಿನಲ್ಲೇ ಕೂರುತ್ತಿದ್ದವಳು. ಅಮ್ಮ ಅವನ ಕೆನ್ನೆ ಮುಟ್ಟಲು ಮೇಜಿನ ಮೇಲೆ ಬಾಗಿದಳು. ಆಗಲೇ ಅವನ ನಗು ಮಾಸಿತು.

"ನೀವು ಇಲ್ಲಿಯವರಾ?" ಎಂದು ಅವನು ನನ್ನನ್ನು ಕನ್ನಡದಲ್ಲಿ ಕೇಳಿದ.

ಎಲ್ಲರ ಕಾರ್ಡೂ ತೋರಿಸಬೇಕಾಯಿತು. ಅವನು ಮಾಲಕರಿಗೆ ಫೋನು ಮಾಡಿದ. ವಯಸ್ಸಾದವರು, ಹುಷಾರಿಲ್ಲದವರು ಎಂದು ಅವನೂ ಹೇಳಿ ನೋಡಿದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಫೋನಿನ ಧ್ವನಿ ನಮಗೂ ಕೇಳುತ್ತಿತ್ತು. ಒಬ್ಬರಿಗೆ ಕೊಟ್ಟರೆ ನಾಳೆ ಊರಿಡೀ ಬರುತ್ತದೆ, ಬಾಗಲಕೋಟೆಯವರು ಇರಲಿ, ಉಳಿದವರು ಬೇಕಾದರೆ ಸಂಜೆಯವರೆಗೆ ಕೂತು ಚಹಾ ಕುಡಿದು ಹೋಗಲಿ ಎಂದಿತು ಆ ಧ್ವನಿ. ಅದೂ ತುಳುವಿನಲ್ಲೇ.

ನಾನು ಬೈಯಲು ಬಾಯಿ ತೆಗೆದೆ. ನನಗಿಂತ ಮೊದಲು ಮಹಡಿಯವಳು ಮಾತಾಡಿದಳು.

"ನಾವು ಈ ಊರಿಗೆ ಬಂದಾಗ ಮನಿ ಕೇಳಾಕ ಹೋದ್ರ, ಘಟ್ಟದವ್ರಿಗೆ ಕೊಡಂಗಿಲ್ಲ ಅಂದ್ರು. ಈ ಅಮ್ಮಾರು ಕೊಟ್ರು. ಇವತ್ತ ಅವ್ರಿಗೆ, ಇಲ್ಲಿಯವ್ರಿಗೆ ಕೊಡಂಗಿಲ್ಲ ಅಂತೀರಿ. ಹಂಗಾದ್ರ ಕೊಡೂದು ಯಾರಿಗ್ರಿ?"

ಘಟ್ಟದ ಮೇಲಿನಿಂದ ಬಂದವರನ್ನು ನಮ್ಮವರು ಹಾಗೆ ಕರೆಯುವುದು. ಹುಡುಗ ತಲೆ ಎತ್ತದೆ ಅವಳ ಮುಂದೆ ಕೀಲಿ ಚಾಚಿದ. ಅವಳು ಅದನ್ನು ತೆಗೆದುಕೊಂಡು ಮೇಜಿನ ಮೇಲೆ ಇಟ್ಟಳು.

"ನೀನಾದರೂ ಇರು" ಎಂದಳು ಅಮ್ಮ. "ಬೆಳಿಗ್ಗೆ ಹೇಗಿತ್ತು ಅಂತ ಬಂದು ನನಗೆ ಹೇಳು."

ಅವಳು ಆಗಲೇ ಅಮ್ಮನ ಶಾಲು, ಮಾತ್ರೆಯ ಚೀಲ, ನೀರಿನ ಬಾಟಲಿ ಎತ್ತಿಕೊಂಡು ಕಾರಿನ ಕಡೆಗೆ ಹೊರಟಿದ್ದಳು. ಚಹಾ ತಂದಿಟ್ಟಿದ್ದರು, ಯಾರೂ ಮುಟ್ಟಲಿಲ್ಲ. ಎಂದೂ ಸಿಟ್ಟಾಗದ ನನ್ನ ಗಂಡ ಕಾರಿನ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದರೆಂದರೆ ಹೊರಗೆ ಸೆಲ್ಫಿ ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಹೆದ್ದಾರಿಗೆ ಬಂದ ಮೇಲೆ ಅಮ್ಮ ಮೆಲ್ಲನೆ ಹೇಳಿದಳು. ಮಹಡಿಯವಳಿಗೂ ಅರ್ಥವಾಗಲೆಂದು ಕನ್ನಡದಲ್ಲೇ ಹೇಳಿದಳು.

"ಮದುವೆಯಾಗಿ ಹೊರಟ ದಿನವೂ ಕಾಪುವಿನವರು ನನಗೆ 'ಬಾ' ಅಂತಲೇ ಹೇಳಿದ್ದು. 'ಹೋಗು' ಅಂತ ಹೇಳಿದ್ದು ಇವತ್ತೇ."

ಹಿಂದಿನ ಸೀಟಿನಲ್ಲಿ ಪಕ್ಕ ಕುಳಿತಿದ್ದ ಅವಳು ಅಮ್ಮನ ಶಾಲನ್ನು ಸರಿಯಾಗಿ ಹೊದೆಸಿದಳು.

"ಆ ಮಾತು ನನಗ ರೂಢಿ ಐತ್ರಿ ಅಮ್ಮಾರ" ಎಂದಳು.