ಅಮ್ಮನ ಚಿತೆಗೆ ಮಾವಿನ ಕಟ್ಟಿಗೆ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯ ಕಂಪೌಂಡಿನಲ್ಲಿ ಅಮ್ಮ ಒಂದು ಮಾವಿನ ಗೊರಟೆ ಊರಿದ್ದಳು. ಅಕ್ಕಿ ತೊಳೆದ ನೀರು ಕುಡಿದೇ ಅದು ಮೂರನೇ ಮಹಡಿಯ ನಮ್ಮ ಕಿಟಕಿಯವರೆಗೆ ಬೆಳೆಯಿತು. ಬೆಳಿಗ್ಗೆ ದೋಸೆಯ ಮೊದಲ ತುಂಡು ಆ ಮರದ ಕಾಗೆಗಳಿಗೆ, ಆಮೇಲೆ ನಮಗೆ.

ನಮ್ಮ ಕರಾವಳಿಯಲ್ಲಿ ಯಾರಾದರೂ ಸತ್ತರೆ ಮೊದಲು ಕೊಡಲಿ ಹುಡುಕುತ್ತಾರೆ. ಚಿತೆಗೆಂದು ಹಿತ್ತಲಿನ ಒಂದು ಮಾವು ಉರುಳಲೇಬೇಕು. ತನ್ನ ಅಪ್ಪ ಸತ್ತ ದಿನ ತಾನು ಉಯ್ಯಾಲೆ ಆಡುತ್ತಿದ್ದ ಮರ ಬಿದ್ದದ್ದನ್ನು ಅಮ್ಮ ಮರೆತಿರಲಿಲ್ಲ. “ನಂಗೆ ಗ್ಯಾಸಿನ ಸ್ಮಶಾನ ಸಾಕು. ನನ್ನೊಟ್ಟಿಗೆ ಮರ ಸಾಯುದು ಬೇಡ,” ಎಂದು ಒಬ್ಬಳೇ ಮಗಳಾದ ನನಗೂ ಹೇಳಿದ್ದಳು, ಖಾರಘರದಲ್ಲಿ ಹೋಟೆಲಿಟ್ಟಿರುವ ತನ್ನ ತಮ್ಮನಿಗೂ ಹೇಳಿದ್ದಳು.

ಅವಳು ತೀರಿಕೊಂಡ ಬೆಳಿಗ್ಗೆ ಮಾವ ಬಂದರು. ನಾನು ಅಮ್ಮನ ಮಾತು ನೆನಪಿಸಿದೆ.

“ಭಟ್ಟಿಗೆ ಹಾಕ್ಲಿಕ್ಕೆ ಅಕ್ಕ ಎಂತ ಬ್ರೆಡ್ಡಾ?” ಎಂದರು. “ನಾಳೆ ಊರಿನವರು ನನ್ನ ಮುಖಕ್ಕೆ ಉಗಿಯುದಿಲ್ವಾ? ನೀನು ಸುಮ್ನೆ ಕೂತ್ಕೊ ಮಾರಾಯ್ತಿ.”

ಬದುಕಿದ್ದ ಅಕ್ಕನನ್ನು ನೋಡಲು ಪುರುಸೊತ್ತಿಲ್ಲದ ಮನುಷ್ಯನಿಗೆ ಅಂದು ಶಾಸ್ತ್ರವೆಲ್ಲ ಬಾಯಿಪಾಠ. ಕಿಟಕಿಯಿಂದ ಹೊರಗೆ ನೋಡಿದರು, ಅಮ್ಮನ ಮಾವಿನ ಮರವೇ ಕಣ್ಣಿಗೆ ಬಿತ್ತು. ಮುನಿಸಿಪಾಲ್ಟಿಯ ಪರವಾನಗಿ ಬೇಕೆಂದು ನಾನು ಕೂಗಾಡಿದೆ. ಸೊಸೈಟಿಯ ಸೆಕ್ರೆಟರಿಗೋ, ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. “ಜಾನೇ ದೋ, ಏಕ್ ಗಾಡಿ ಕಾ ಪಾರ್ಕಿಂಗ್ ನಿಕಲೇಗಾ,” ಎಂದ, ಹೋಗಲಿ ಬಿಡಿ, ಒಂದು ಕಾರಿಗೆ ಜಾಗವಾಗುತ್ತದೆ ಎಂದು. ಅಮ್ಮ ಇನ್ನೂ ಚಾಪೆಯ ಮೇಲೆ ಮಲಗಿದ್ದಳು. ಕೆಳಗೆ ಕೊಡಲಿಯ ಸದ್ದು ಶುರುವಾಯಿತು. ನಾನು ಅವಳ ಎರಡೂ ಕಿವಿ ಮುಚ್ಚಿ ಕೂತೆ.

ಸ್ಮಶಾನದಲ್ಲಿ ಗ್ಯಾಸಿನ ಚಿತಾಗಾರ ಖಾಲಿಯೇ ಇತ್ತು. ಅದರ ಪಕ್ಕದಲ್ಲಿ ಹಸಿ ಮಾವು ಬರೀ ಹೊಗೆಯಾಡಿತು. ಮಾವ ಡೀಸೆಲ್ ತರಿಸಿ ಸುರಿಸಿದರು. ಅದೂ ಶಾಸ್ತ್ರದಲ್ಲಿತ್ತೋ ಏನೋ. ಆ ಹೊಗೆಯ ವಾಸನೆಗೆ ನನಗೆ ಅಳುವಿಗಿಂತ ಹೆಚ್ಚು ಸಿಟ್ಟು ಬಂತು, ಇವತ್ತಿಗೂ ಇಳಿದಿಲ್ಲ.

ಉತ್ತರಕ್ರಿಯೆಯ ದಿನ ಬಾಳೆಲೆಯಲ್ಲಿ ಅನ್ನ, ಪಾಯಸ ಬಡಿಸಿ ಕಂಪೌಂಡಿನಲ್ಲಿ ಇಟ್ಟೆವು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತೆಂದು ಲೆಕ್ಕ. ಒಂದು ಕಾಗೆಯೂ ಬರಲಿಲ್ಲ. ಮಾವ ಆಕಾಶ ನೋಡಿ ಕಾ ಕಾ ಎಂದು ಕರೆದು ಕರೆದು ಬೆವರಿದರು. ಪಾಯಸಕ್ಕೆ ನೊಣ ಮುತ್ತಿತು. ಮರವಿದ್ದ ಜಾಗದಲ್ಲಿ ಸೆಕ್ರೆಟರಿಯ ಕಾರು ನಿಂತಿತ್ತು.

ಕೊನೆಗೆ ಮಾವ ಆ ಕಾರಿಗೇ ಒರಗಿ ನಿಂತು ನನ್ನನ್ನು ಕೇಳಿದರು, “ಅಕ್ಕನಿಗೆ ಎಂತದೋ ಆಸೆ ಉಳಿದುಬಿಟ್ಟಿದೆ. ಎಂತ ಅಂತ ನಿಂಗೆ ಗೊತ್ತುಂಟಾ?”