ಬಳ್ಳಿಯ ಮೇಲೆ ಬೆಳೆದ ಹೆಸರು

ತಿಕೋಟಾ ಬಸ್ಸಿಗೆ ಇನ್ನೂ ಹೊತ್ತಿತ್ತು. ತೊರವಿಯಲ್ಲಿ ಸೋರೆಬುರುಡೆಯ ಕುಸುರಿ ಕೆಲಸ ಮಾಡುವವರ ಸಂಘವೊಂದಿದೆ ಎಂದು ಕೇಳಿ ಅಲ್ಲಿಗೆ ಹೋದೆ. ತಗಡಿನ ಶೆಡ್ಡಿನಲ್ಲಿ ಕೂತ ಹೆಂಗಸರು ಒಣಗಿದ ಸೋರೆಕಾಯಿ ಕೊರೆದು ತೂಗುದೀಪ, ಗುಬ್ಬಿಗೂಡು ಮಾಡುತ್ತಿದ್ದರು. ಕಹಿ ಧೂಳು ಗಂಟಲಿಗಿಳಿಯಿತು.

ಪ್ರತಿ ಕಾಯಿಯ ಮೇಲೂ ಒಂದು ಹೆಸರು. ಕಾಯಿ ಎಳೆಯದಾಗಿರುವಾಗಲೇ ಪಿನ್ನಿನಿಂದ ಗೀರಿಬಿಡುತ್ತಾರಂತೆ. ಕಾಯಿ ಬೆಳೆದಂತೆ ಅಕ್ಷರವೂ ಬೆಳೆಯುತ್ತದೆ. ಒಣಗಿದ ಮೇಲೆ, ಯಾರ ಹೆಸರಿದೆಯೋ ಅವರೇ ಅದನ್ನು ಕೊಯ್ದು ತೆರೆಯಬೇಕೆಂಬುದು ಇಲ್ಲಿಯ ಕಟ್ಟಳೆ.

ಮೂಲೆಯಲ್ಲಿ ಒಬ್ಬ ಮುದುಕಿ ಸುಮ್ಮನೆ ಕೂತಿದ್ದಳು. ತೊಡೆಯ ಮೇಲೆ ಉದ್ದ ಕತ್ತಿನ, ಒಣಗಿದರೂ ಇನ್ನೂ ಕೊಯ್ದು ತೆರೆಯದ ಕಾಯಿ. ಅದರ ಮೇಲೆ ಬೆರಳುದ್ದದ ಅಕ್ಷರಗಳಲ್ಲಿ 'ಭಾಗ್ಯಾ' ಎಂದಿತ್ತು.

"ಇದರಲ್ಲಿ ಏನು ಮಾಡ್ತೀರಿ, ಭಾಗ್ಯಾ ಅವ್ವಾ?" ಎಂದೆ.

"ಭಾಗ್ಯಾ ನನ್ನ ಮೊಮ್ಮಗಳ್ರಿ. ನಾನು ಕಸ್ತೂರವ್ವ. ಕಾಯಿ ಮುಷ್ಟಿಯಷ್ಟಿದ್ದಾಗ ಆಕಿನೇ ತನ್ನ ಹೆಸರು ಬರದಿದ್ಳು. ಮಳಿಗಾಲದಾಗ ಜ್ವರ ಬಂದು ಹೋಗಿಬಿಟ್ಳ್ರಿ. ಹೆಸರು ಮಾತ್ರ ಬಳ್ಳಿ ಮ್ಯಾಲ ಬೆಳಕೋತ ಹೋತು."

ಪಕ್ಕದಾಕೆ ಗರಗಸ ಕೆಳಗಿಟ್ಟಳು. "ಕೊಯ್ಯಿ ಬೇ ಯವ್ವಾ, ಬೀಜಾರ ಸಿಗತಾವು. ಮತ್ತ ಬಳ್ಳಿ ಹಚ್ಚಾಕ ಬರತೈತಿ."

"ಹೆಸರಿದ್ದಾಕಿನೇ ಕೊಯ್ಯಬೇಕಲ್ಲವಾ?" ಎಂದಳು ಕಸ್ತೂರವ್ವ.

ಅವಳು ಕಾಯಿಯನ್ನು ನನ್ನ ಕೈಗಿತ್ತು, "ಅಳ್ಳಾಡಿಸಿ ನೋಡ್ರಿ," ಎಂದಳು. ಒಳಗೆ ಬೀಜಗಳು ಗಲಗಲ ಅಂದವು.

ಮರಳಿ ಕೊಡಹೋದೆ. ಕಸ್ತೂರವ್ವ ಮೊದಲು ಅದರ ಕತ್ತಿನ ಕೆಳಗೆ ಅಂಗೈ ಕೊಟ್ಟು, ಆಮೇಲೆ ಕೂಸನ್ನು ಎತ್ತುವ ಹಾಗೆ ಎತ್ತಿಕೊಂಡಳು.