ಟೀವಿಗೆ ಬೆನ್ನು ಹಾಕಿ ಕೂರುತ್ತಿದ್ದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಟೀವಿಗೆ ಬೆನ್ನು ಹಾಕಿ ಕೂತು ಇಂಗ್ಲಿಷ್ ಸೀರಿಯಲ್ಲಿನ ಕಥೆ ಹೇಳುತ್ತಿದ್ದಳು. ಇಂಗ್ಲಿಷ್ ಹಾಗಿರಲಿ, ಕನ್ನಡದ ಅಕ್ಷರವೂ ಅವಳಿಗೆ ಬರುತ್ತಿರಲಿಲ್ಲ. ಕೋಡಿಹಳ್ಳಿ ಕಡೆಯ ನಮ್ಮೂರಿನಲ್ಲಿ ಆಗ ಇದ್ದದ್ದು ನಮ್ಮ ಮನೆಯ ಟೀವಿ ಒಂದೇ. ವಾರಕ್ಕೊಮ್ಮೆ ಅದರಲ್ಲಿ ಹಳೇ ಕಾಲದ ಬಿಳಿಯರ ಬಂಗಲೆಯ ಕಥೆ ಬರುತ್ತಿತ್ತು. ಮಹಡಿಯ ಮೇಲೆ ಯಜಮಾನರು, ಕೆಳಗೆ ಅಡುಗೆಮನೆಯಲ್ಲಿ ಆಳುಗಳು. ಬೀದಿಯ ಹೆಂಗಸರೆಲ್ಲ ಬಂದು ಕೂತರೆ ದೊಡ್ಡಮ್ಮ ಅವರ ಕಡೆ ಮುಖ ಮಾಡಿ ಕೂರುವಳು. ಆಗಾಗ ಕತ್ತು ತಿರುಗಿಸಿ ಒಂದು ನೋಟ ನೋಡುವಳು, ಮತ್ತೆ ಇತ್ತ ತಿರುಗಿ ಹೇಳುವಳು.

“ಅಷ್ಟುದ್ದ ಮೇಜ್ ಐತೆ, ಒಬ್ರಿಗಾದ್ರೂ ಒಂದ್ ಮುದ್ದೆ ಕಟ್ಟಕ್ ಬರಲ್ಲ. ಕೆಳಗ್ಲೋರು ಬೇಯಿಸ್ದೆ ವೋದ್ರೆ ಉಪಾಸ ಬೀಳ್ತವೆ.”

ಆ ಬಂಗಲೆಯ ಚಿಕ್ಕ ಕೆಲಸದವಳಿಗೆ ಕೆಂಚಿ ಎಂದು ಹೆಸರಿಟ್ಟವಳೂ ಅವಳೇ. ಅಸಲಿ ಹೆಸರು ಯಾರಿಗೆ ಬೇಕಿತ್ತು?

ದೊಡ್ಡಪ್ಪ ತೀರಿಕೊಂಡು ಕೆಲವು ತಿಂಗಳಾಗಿತ್ತು. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಗಂಡನಿಲ್ಲದವಳು ಹುಳದ ಮನೆಗೆ ಕಾಲಿಡಬಾರದು ಎಂಬುದು ನಮ್ಮಜ್ಜಿಯ ಕಟ್ಟಲೆ. ಮದುವೆಯಾಗಿ ಬಂದಾಗಿನಿಂದ ಸೊಪ್ಪು ಹಾಕಿ, ಹಿಕ್ಕೆ ಬಾಚಿ ಹುಳ ಸಾಕಿದವಳು ದೊಡ್ಡಮ್ಮ. ಈಗ ಅವಳೇ ಹೊರಗೆ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹುಳ ಹಣ್ಣಾಗಿದ್ದ ಆ ವಾರ ಸೀರಿಯಲ್ಲಿನಲ್ಲಿ ಬಂಗಲೆಯ ಒಡತಿ ಕೆಂಚಿಯನ್ನು ಕೆಲಸದಿಂದ ಓಡಿಸಿದಳು. ಕೆಂಚಿ ಪೆಟ್ಟಿಗೆ ಎತ್ತಿಕೊಂಡಳು. ಕತ್ತು ತಿರುಗಿಸಿದ ದೊಡ್ಡಮ್ಮ ಈ ಸಲ ನೋಡುತ್ತಲೇ ಇದ್ದಳು. ಆಮೇಲೆ ಎದ್ದು ನಮಗೆ ಕಾಣದಂತೆ ಅಡ್ಡ ನಿಂತು, ಇನ್ನೊಂದು ಗಳಿಗೆ ತಾನೊಬ್ಬಳೇ ನೋಡಿ, ಟೀವಿ ಆರಿಸಿಬಿಟ್ಟಳು.

“ಇಷ್ಟ್ ಸಾಕು. ಮುಂದಿಂದ್ ನಾನ್ ಯೋಳ್ತೀನಿ. ಆಳುಗೊಳು ಮುಂದ್ಲು ಬಾಗ್ಲು ತುಳೀಬಾರ್ದು ಅಂತ ಆ ಮನೆ ಕಟ್ಲೆ. ಕೆಂಚಿ ಅಂದ್ಲು, ಈ ಮನೆ ಒಲೆ ಉರಿಸ್ದೋಳು ನಾನು, ಹಿತ್ಲಾಗಿ ಯಾಕ್ ವೋಗ್ಲಿ ಅಂತ. ಮುಂದ್ಲು ಬಾಗ್ಲು ತೆಗ್ದು ಎಲ್ರೂ ನೋಡಂಗೆ ವೊಂಟೋದ್ಲು.”

ಹಾಗೆಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳ ದಾಟಿ ಹುಳದ ಮನೆಯ ಬಾಗಿಲು ತಳ್ಳಿದಳು.

“ಮನೆ ಹಾಳ್ ಮಾಡ್ತೀಯೇನೇ?” ಅಜ್ಜಿ ಕೂಗಿದಳು.

“ಸಾಕ್ದೋಳು ನಾನು. ಹಾಳಾದ್ರೂ ನನ್ ಕೈಲೇ ಆಗ್ಲಿ ಬುಡು,” ಎಂದ ದೊಡ್ಡಮ್ಮ ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡತೊಡಗಿದಳು. ಹೆಂಗಸರು ಬಾಗಿಲಲ್ಲೇ ಬಾಯಿಗೆ ಸೆರಗು ಹಿಡಿದು ನಿಂತರು. ಹುಳ ಎಂದಿನಂತೆ ಗೂಡು ಕಟ್ಟಿತು. ಒಂದಷ್ಟು ಕೆಟ್ಟವು, ನಿಜ. ಗಂಡ ಇದ್ದವರ ಮನೆಯಲ್ಲೂ ಒಂದಷ್ಟು ಕೆಡುತ್ತವೆ.

ಹೋದ ವರ್ಷ ಆ ಸೀರಿಯಲ್ಲು ಮೊಬೈಲಿನಲ್ಲಿ ಸಿಕ್ಕಿತು. ಮೇಷ್ಟ್ರ ಕೆಲಸ ಮಾಡಿ ಮಾಡಿ ನನಗೀಗ ಅದರ ಇಂಗ್ಲಿಷ್ ಅರ್ಥವಾಗುತ್ತಿತ್ತು. ದೊಡ್ಡಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ನೋಡಿದೆ. ಕೆಂಚಿ ಒಲೆಯ ಮಾತು ಆಡಲೇ ಇಲ್ಲ. ಅಳುತ್ತಾ ಕ್ಷಮೆ ಕೇಳಿ, ಪೆಟ್ಟಿಗೆ ಎತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಹೋದಳು.

“ದೊಡ್ಡಮ್ಮ, ಇವಳು ಹಿಂದ್ಗಡೆಯಿಂದ ಹೋದ್ಳಲ್ಲ?”

“ಅವತ್ತೂ ಅಂಗೇ ವೋದ್ಲು ಕಣವ್ವ. ನಂಗೇನ್ ಕಣ್ಣಿರ್ನಿಲ್ವಾ?”

“ಮತ್ತೆ ನೀನು ಹೇಳಿದ್ದು?”

ಅವಳಿಗೆ ನಾಚಿಕೆಯೂ ಇಲ್ಲ, ಅಳುಕೂ ಇಲ್ಲ. “ಅಂಗ್ ವೋಗ್ಬಾರ್ದಾಗಿತ್ತು, ಅದುಕ್ ಯೋಳ್ದೆ. ಅವ್ಳು ಹಿತ್ಲಾಗಿ ವೋದ್ಲು ಅಂತ ಯೋಳ್ಬುಟ್ಟು ನಾನ್ ಯಾವ್ ಮೊಕ ಇಟ್ಕಂಡು ಹುಳದ್ ಮನೆ ಒಳೀಕ್ ವೋಗ್ಲಿ? ಸೀರಿಯಲ್ ತೆಗ್ದೋರ್ದು ತಪ್ಪು, ನಂದಲ್ಲ.”

ಈ ವರ್ಷ ದೊಡ್ಡಮ್ಮ ಹೋದಳು. ತಿಥಿಯೂಟ ಮುಗಿದ ಮೇಲೆ ಆಗೆಲ್ಲ ಅವಳ ಕಥೆ ಕೇಳಲು ಬರುತ್ತಿದ್ದ ಪಕ್ಕದ ಮನೆಯ ಸಾಕಮ್ಮ, “ಆ ಬಂಗ್ಲೆ ಸೀರಿಯಲ್ ಹಾಕವ್ವ, ಒಸಿ ಅವಳ ನೆಪ್ಪಾಗ್ಲಿ,” ಎಂದಳು. ಈಗಿನ ಟೀವಿ ಗೋಡೆಯಗಲ. ಹೆಂಗಸರೆಲ್ಲ ಕೂತರು. ಸಾಕಮ್ಮನ ಸೊಸೆ ಬಾಗಿಲ ಹತ್ತಿರವೇ ಕೂತಳು. ಆ ಹುಡುಗಿಯ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಮನೆಯಲ್ಲಿ ಹುಳ ಹಣ್ಣಾಗುತ್ತಿತ್ತು, ಅವಳನ್ನು ಯಾರೂ ಹುಳದ ಮನೆಯೊಳಗೆ ಕರೆದಿರಲಿಲ್ಲ.

ಕೆಂಚಿ ಪೆಟ್ಟಿಗೆಗೆ ಕೈ ಹಾಕಿದಳು. ನಾನು ಎದ್ದು ಟೀವಿ ಆರಿಸಿದೆ. ಅದಕ್ಕೆ ಬೆನ್ನು ಹಾಕಿ, ಆ ಹುಡುಗಿಯ ಮುಖಕ್ಕೆ ನೇರವಾಗಿ ಕೂತೆ.

“ಇಷ್ಟ್ ಸಾಕು,” ಎಂದೆ. “ಮುಂದಿಂದ್ ನಾನ್ ಯೋಳ್ತೀನಿ.”